ಕಾಲೇಜು ಕಬಡ್ಡಿ ತಂಡ: ಗೆರೆಯ ಹೊರಗಿನವರ ಕೆಲಸ

ಬಾಗಲಕೋಟೆ, ವಿಜಯಪುರ ಕಡೆಯ ಪದವಿ ಕಾಲೇಜುಗಳಿಗೆ ಕಬಡ್ಡಿ ಆಡುವ ಹುಡುಗರ ಬರ ಇಲ್ಲ. ಜಮಖಂಡಿ, ಮುಧೋಳ, ಬೀಳಗಿ, ಇಂಡಿ, ಸಿಂದಗಿ, ಯಾವ ತಾಲೂಕಿಗೆ ಹೋದರೂ ಜಾತ್ರೆಯ ಪಂದ್ಯಾವಳಿಗಳಲ್ಲಿ ಪಳಗಿದ ರೈಡರ್‌ಗಳು, ಅಂದರೆ ಎದುರಿನವರ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವವರು, ಸಿಗುತ್ತಾರೆ. ಆದರೂ ಒಂದು ವರ್ಷ ಕಪ್ ಹೊತ್ತು ತಂದ ಕಾಲೇಜು ಮರುವರ್ಷ ಮೊದಲ ಸುತ್ತಿನಲ್ಲೇ ಗಂಟುಮೂಟೆ ಕಟ್ಟುವುದು ಇಲ್ಲಿ ಮಾಮೂಲು. ಪದವಿ ಓದು ಮೂರು ವರ್ಷದ್ದು. ಹುಡುಗ ಮೊದಲ ವರ್ಷ ಕಲಿಯುತ್ತಾನೆ, ಎರಡನೇ ವರ್ಷ ಆಡುತ್ತಾನೆ, ಮೂರನೇ ವರ್ಷ ಗೆಲ್ಲಿಸುತ್ತಾನೆ, ಆಮೇಲೆ ಹೋಗಿಬಿಡುತ್ತಾನೆ. ಅವನ ಜೊತೆಗೆ ತಂಡಕ್ಕೆ ಗೊತ್ತಿದ್ದದ್ದೆಲ್ಲ ಹೋಗಬಾರದೆಂದರೆ ಗೆರೆಯ ಹೊರಗೆ ನಿಲ್ಲುವವರು, ಅಂದರೆ ಕೋಚ್ ಮತ್ತು ಸಹಾಯಕರು, ಸರಿಯಾಗಿರಬೇಕು.

ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ಓದು ಎರಡೇ ವರ್ಷ. ಅಲ್ಲಿಯ ಬೇಸ್‌ಬಾಲ್ ಆಟಗಾರ ಎರಡು ಸೀಸನ್ ಆಡಿ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗುತ್ತಾನೆ, ಅಂದರೆ ತಂಡ ಹೆಚ್ಚುಕಡಿಮೆ ಪ್ರತಿವರ್ಷ ಅರ್ಧ ಖಾಲಿ. ಅದಕ್ಕೇ ಒಳ್ಳೆಯ ತಂಡಗಳು ಮುಖ್ಯ ಕೋಚ್ ಒಬ್ಬರ ಮೇಲೆ ಎಲ್ಲವನ್ನೂ ಹೇರುವುದಿಲ್ಲ: ಪಿಚಿಂಗ್‌ಗೆ ಒಬ್ಬರು, ಬ್ಯಾಟಿಂಗ್‌ಗೆ ಒಬ್ಬರು, ಫೀಲ್ಡಿಂಗ್ ಮತ್ತು ಕ್ಯಾಚರ್‌ಗಳಿಗೆ ಒಬ್ಬರು, ಮೈಕಟ್ಟಿಗೆ ಮತ್ತೊಬ್ಬರು. ಆಟ ಬೇರೆಯಾದರೂ ಸಮಸ್ಯೆ ನಮ್ಮದೇ. ನಮ್ಮ ಕಡೆ ದೈಹಿಕ ಶಿಕ್ಷಣ ನಿರ್ದೇಶಕರು ಒಬ್ಬರೇ ಕೋಚ್, ಮ್ಯಾನೇಜರ್, ವೈದ್ಯ, ಗುಮಾಸ್ತ ಎಲ್ಲವೂ ಆಗಿರುತ್ತಾರೆ. ಅದೇ ಹೊತ್ತಿಗೆ ವಾಲಿಬಾಲ್, ಖೋಖೋ, ಅಥ್ಲೆಟಿಕ್ಸ್ ತಂಡಗಳೂ ಅವರ ಕೊರಳಿಗೇ. ಅವರು ಎಷ್ಟು ಸಮರ್ಥರಾದರೂ ಒಂದು ರೈಡ್ ನಡೆಯುವಾಗ ರೈಡರ್‌ನ ಕಾಲು, ಹಿಡಿಯುವವರ ಸಾಲಿನ ತುದಿಯಲ್ಲಿ ನಿಲ್ಲುವ ಕಾರ್ನರ್‌ನ ಸೊಂಟ, ಗಡಿಯಾರ, ಔಟಾದವರ ಸಾಲು ನಾಲ್ಕನ್ನೂ ನೋಡಲಾಗದು.

ಆಡಳಿತ ಮಂಡಳಿ ಇನ್ನೊಬ್ಬರಿಗೆ ಗೌರವಧನ ಕೊಡಲು ಒಪ್ಪಿತು ಎನ್ನೋಣ. ಯಾರನ್ನು ತೆಗೆದುಕೊಳ್ಳಬೇಕು? ಹೆಚ್ಚಿನವರು ಹೆಸರಾಂತ ಹಳೆಯ ರೈಡರ್‌ನನ್ನು ಕರೆತರುತ್ತಾರೆ. ಇಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ: ಮೊದಲು ಡಿಫೆನ್ಸ್ ಕೋಚ್. ರೈಡರ್ ಊರಿನಿಂದಲೇ ಅರ್ಧ ತಯಾರಾಗಿ ಬರುತ್ತಾನೆ, ಯಾಕೆಂದರೆ ರೈಡ್ ಒಬ್ಬನ ಕಲೆ. ಹಿಡಿಯುವುದು ಹಾಗಲ್ಲ. ಕಾರ್ನರ್, ಅವನ ಪಕ್ಕದ ಇನ್, ಅದರಾಚೆಯ ಕವರ್ ಒಟ್ಟಿಗೆ ಅಭ್ಯಾಸ ಮಾಡದೆ ಬರುವುದೇ ಇಲ್ಲ, ಮತ್ತು ಬೇರೆ ಬೇರೆ ಊರಿನ ನಾಲ್ವರು ಒಟ್ಟಿಗೆ ಅಭ್ಯಾಸ ಮಾಡುವ ಜಾಗ ಕಾಲೇಜಿನ ಅಂಗಳವೊಂದೇ. 2018ರ ಜಕಾರ್ತ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಇರಾನ್ ಭಾರತವನ್ನು 27–18ರಿಂದ ಸೋಲಿಸಿದ್ದು ಬಹುಪಾಲು ಹಿಡಿತದ ಬಲದ ಮೇಲೆ. ನಮ್ಮ ಕರ್ನಾಟಕದ ಬಿ.ಸಿ. ರಮೇಶ್ ಕೋಚ್ ಆಗಿದ್ದಾಗ ಪುಣೇರಿ ಪಲ್ಟನ್ ಪ್ರೊ ಕಬಡ್ಡಿಯ 10ನೇ ಆವೃತ್ತಿ ಗೆದ್ದಿತಲ್ಲ, 2024ರ ಮಾರ್ಚ್ 1ರ ಆ ಫೈನಲ್‌ನ ಅಂಕ 28–25. ಆ ಆವೃತ್ತಿಯಲ್ಲಿ ಎಲ್ಲರಿಗಿಂತ ಹೆಚ್ಚು ಟ್ಯಾಕಲ್ ಅಂಕ, ಅಂದರೆ ಹಿಡಿತದ ಅಂಕ, ಗಳಿಸಿದ ಇರಾನಿನ ಆಟಗಾರ ಶಾದ್ಲೂಯಿ ಆಡಿದ್ದೂ ಅದೇ ತಂಡಕ್ಕೆ. ಇದೇ ರಮೇಶ್ 2019ರಲ್ಲಿ ಬೆಂಗಾಲ್ ವಾರಿಯರ್ಸ್ ತಂಡವನ್ನೂ ಗೆಲ್ಲಿಸಿದ್ದರು.

ಡಿಫೆನ್ಸ್ ಕೋಚ್ ಬಂದ ಮೇಲೆ ಮೊದಲ ಎರಡು ವಾರ ಯಾರನ್ನೂ ಹಿಡಿಸಬಾರದು. ನಿಲ್ಲುವುದನ್ನು, ಸರಿಯುವುದನ್ನು ಕಲಿಸಬೇಕು. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅದರಲ್ಲಿ ಎರಡೂ ಬದಿಯ ಅಂಚಿನ ಪಟ್ಟಿ, ಅಂದರೆ ಲಾಬಿ, ಒಂದೊಂದು ಮೀಟರ್, ಹೀಗಾಗಿ ಕಾದಾಟ ಶುರುವಾಗುವ ತನಕ ಆಟ ನಡೆಯುವುದು 8 ಮೀಟರ್ ಅಗಲದಲ್ಲಿ. ನಡುಗೆರೆಯಿಂದ ರೈಡರ್ ದಾಟಲೇಬೇಕಾದ ಬಾಕ್ ಲೈನ್ 3.75 ಮೀಟರ್, ಅದರಾಚೆ ಇನ್ನೊಂದು ಮೀಟರ್‌ಗೆ ಹೆಚ್ಚುವರಿ ಅಂಕ ತರುವ ಬೋನಸ್ ಲೈನ್, ಬೋನಸ್ ಲೈನಿನಿಂದ ಹಿಂದಿನ ಗೆರೆಗೆ ಉಳಿಯುವುದು 1.75 ಮೀಟರ್ ಮಾತ್ರ. ಈ ಕೊನೆಯ ಅಂಕಿಯನ್ನು ಡಿಫೆಂಡರ್‌ಗಳಿಗೆ ಹೆಜ್ಜೆ ಹಾಕಿಸಿ ತೋರಿಸಬೇಕು. ಹೊಸ ಕಾರ್ನರ್ ಹೆದರಿ ಹಿಂದೆ ಸರಿದರೆ ಎರಡೇ ಹೆಜ್ಜೆಗೆ ಗೆರೆ ದಾಟಿ ತಾನೇ ಔಟಾಗುತ್ತಾನೆ. ಕಣ್ಣು ರೈಡರ್ ಮೇಲಿದ್ದಾಗಲೂ ಹಿಮ್ಮಡಿಗೆ ಗೆರೆ ಎಲ್ಲಿದೆ ಎಂಬುದು ತಿಳಿದಿರಬೇಕು. ಇದಕ್ಕೆ ಸುಲಭ ಉಪಾಯ: ಅಭ್ಯಾಸದ ವೇಳೆ ಹಿಂದಿನ ಗೆರೆಯ ಮೇಲೆ ದಪ್ಪ ಹಗ್ಗ ಹಾಸಿ, ಮೇಲೆ ಮಣ್ಣು ಎಳೆದುಬಿಡಿ. ಹಿಮ್ಮಡಿಗೆ ತಾಕಿದಾಗ ಗೊತ್ತಾಗುತ್ತದೆ. ಎರಡು ವಾರದ ನಂತರ ಹಗ್ಗ ತೆಗೆಯಿರಿ.

ಚೈನ್‌ನಲ್ಲಿ, ಅಂದರೆ ಡಿಫೆಂಡರ್‌ಗಳು ಒಬ್ಬರ ಕೈ ಒಬ್ಬರು ಹಿಡಿದು ನಿಲ್ಲುವಾಗ, ಆಗುವ ದೊಡ್ಡ ತಪ್ಪು ಬೆರಳಲ್ಲಿ ಬೆರಳು ಹೆಣೆದುಕೊಳ್ಳುವುದು. ರೈಡರ್ ಆ ಕೊಂಡಿಯ ಮೇಲೆ ಬಿದ್ದರೆ ಬೆರಳು ತಿರುಚುತ್ತದೆ, ಕೈ ಬಿಡಿಸಿಕೊಳ್ಳಲೂ ಆಗುವುದಿಲ್ಲ. ಅಂಗೈಗೆ ಅಂಗೈ, ಅಥವಾ ಮಣಿಕಟ್ಟು ಹಿಡಿಯುವುದು ಸರಿ. ಇನ್ನೊಂದು ತಪ್ಪು ಕೈ ಬಿಗಿಯಾಗಿ ಚಾಚಿ ನಿಲ್ಲುವುದು. ಕೊಂಡಿಯಲ್ಲಿ ಸಡಿಲ ಇರದಿದ್ದರೆ ಒಬ್ಬ ಮುಂದೆ ಹೋದಾಗ ಇನ್ನೊಬ್ಬ ಎಡವುತ್ತಾನೆ.

ಆಂಕಲ್ ಹೋಲ್ಡ್, ಅಂದರೆ ಕಣಕಾಲಿನ ಹಿಡಿತ, ಕಲಿಸುವ ಕ್ರಮ ಹೀಗಿರಲಿ. ಕಾರ್ನರ್ ಮೊಣಕಾಲು ಮಡಚಿ, ತೂಕವನ್ನು ಮುಂಗಾಲಿನ ಮೇಲೆ ಹಾಕಿ ನಿಲ್ಲಬೇಕು. ರೈಡರ್‌ನ ಮುಂದಿನ ಕಾಲು ಬಂದಾಗ ಹೋಗಬಾರದು, ಅದು ಬಹುತೇಕ ಆಮಿಷ. ಆ ಕಾಲಿನ ಮೇಲೆ ಅವನ ಪೂರ್ತಿ ತೂಕ ಬಿದ್ದ ಕ್ಷಣವೇ ಹಿಡಿಯುವ ಹೊತ್ತು, ಆಗ ಅವನಿಗೆ ಅದನ್ನು ಎತ್ತಲಾಗದು. ಎರಡೂ ಕೈ ಕಣಕಾಲಿನ ಮೇಲೆ, ತಲೆ ಕಾಲಿನ ಹೊರಬದಿಗೆ. ತಲೆ ಒಳಬದಿಗೆ ಹೋದರೆ ಇನ್ನೊಂದು ಮೊಣಕಾಲು ನೇರ ಕೆನ್ನೆಗೆ ಬಡಿಯುತ್ತದೆ. ಹಿಡಿದ ಮೇಲೆ ಎಳೆಯುವುದು ತನ್ನ ಹಿಂದಿನ ಗೆರೆಯತ್ತ, ಪಕ್ಕಕ್ಕಲ್ಲ. ಪಕ್ಕಕ್ಕೆ ತಿರುಚಿದರೆ ರೈಡರ್‌ನ ಮೊಣಕಾಲಿನ ಒಳಗಿನ ಲಿಗಮೆಂಟ್ ಹರಿಯುವ ಅಪಾಯ ಇದೆ. ನಮ್ಮವನೇ ಆದರೂ ಎದುರಿನವನಾದರೂ ಅದೊಂದು ಹುಡುಗನ ಇಡೀ ಆಟದ ಆಯುಷ್ಯ. ಕಾರ್ನರ್ ಹಿಡಿದ ಅದೇ ಉಸಿರಿನಲ್ಲಿ ಕವರ್ ಬಂದು ಎದೆಗೆ ಬ್ಲಾಕ್ ಹಾಕಬೇಕು. ಕವರ್ ತಡಮಾಡಿದ್ದರಿಂದ ತಪ್ಪಿದ ಹಿಡಿತಕ್ಕೂ ಕಾರ್ನರ್‌ನನ್ನೇ ಬಯ್ಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ವಿಡಿಯೋ ನೋಡಿದರೆ ಅಪರಾಧಿ ಬೇರೆಯೇ ಇರುತ್ತಾನೆ.

ಅಭ್ಯಾಸಕ್ಕೆ ನಾಲ್ವರು ಡಿಫೆಂಡರ್, ಒಬ್ಬ ರೈಡರ್. ರೈಡರ್‌ಗೆ ಮೊದಲ 20 ಸೆಕೆಂಡ್ ಯಾರನ್ನೂ ಮುಟ್ಟಬೇಡ ಎಂದು ಹೇಳಿಡಿ, ಡಿಫೆಂಡರ್‌ಗಳಿಗೆ ಆ ವಿಷಯ ಗೊತ್ತಿರಬಾರದು. ಆತುರಗಾರ ಯಾರು ಎಂಬುದು ತಾನಾಗಿಯೇ ಹೊರಬೀಳುತ್ತದೆ. ಆರು ರೈಡ್‌ಗೆ ಒಂದು ಸುತ್ತು, ನಡುವೆ ಒಂದೂವರೆ ನಿಮಿಷ ವಿಶ್ರಾಂತಿ, ನಾಲ್ಕು ಸುತ್ತು ಸಾಕು. ಅದಕ್ಕಿಂತ ಹೆಚ್ಚಾದರೆ ಕಾಲು ಸೋಲುತ್ತವೆ, ಸೋತ ಕಾಲಿನಲ್ಲಿ ಕಲಿತ ಹಿಡಿತ ತಪ್ಪು ಹಿಡಿತವೇ.

ರೈಡ್ ಕಲಿಸುವವರು ಬೇರೆ ಇದ್ದರೆ ಒಳ್ಳೆಯದು, ಇರದಿದ್ದರೆ ಮುಖ್ಯ ಕೋಚ್ ನೋಡಿಕೊಳ್ಳಬಹುದು. ಜಾತ್ರೆಯ ಆಟದಿಂದ ಬಂದ ಹುಡುಗರಲ್ಲಿ ತಿದ್ದಬೇಕಾದದ್ದು ಎರಡೇ. ಒಂದು, ಕಬಡ್ಡಿ ಕಬಡ್ಡಿ ಎನ್ನುವ ಹಾಡು ನಡುಗೆರೆ ದಾಟುವ ಮೊದಲೇ ಶುರುವಾಗಬೇಕು. ತಡವಾದರೆ ಅಂಪೈರ್ ವಾಪಸ್ ಕಳಿಸುತ್ತಾರೆ, ಎದುರಿನವರಿಗೆ ಒಂದು ತಾಂತ್ರಿಕ ಅಂಕ, ಮೇಲಿಂದ ರೈಡ್ ಸರದಿಯೂ ಅವರದ್ದೇ. ಎರಡು, ಬೋನಸ್ ಗೆರೆಯಾಚೆ ಒಂದು ಕಾಲು ಊರಿದಾಗ ಹಿಂದಿನ ಕಾಲು ಗಾಳಿಯಲ್ಲಿರಬೇಕು. ಹಿಂಗಾಲನ್ನು ಎಳೆದುಕೊಂಡು ಹೋಗುವ ಹುಡುಗನಿಗೆ ಹಳ್ಳಿಯಲ್ಲಿ ಅಂಕ ಸಿಕ್ಕಿರುತ್ತದೆ, ವಿಶ್ವವಿದ್ಯಾಲಯದ ಪಂದ್ಯದಲ್ಲಿ ಸಿಗುವುದಿಲ್ಲ. ಎದುರಿಗೆ ಆರು ಅಥವಾ ಹೆಚ್ಚು ಜನ ಇದ್ದಾಗ ಮಾತ್ರ ಬೋನಸ್ ಎಂಬುದನ್ನೂ ಎಷ್ಟೋ ರೈಡರ್‌ಗಳು ಬಿರುಸಿನಲ್ಲಿ ಮರೆಯುತ್ತಾರೆ.

ಈಗ ಬೆಂಚಿನ ಲೆಕ್ಕಕ್ಕೆ ಬರೋಣ. ಹೊರಗೆ ಕುಳಿತ ಸಹಾಯಕ ಕೋಚ್‌ನ ನಿಜವಾದ ಕೆಲಸ ಇದೇ, ಮತ್ತು ಇದನ್ನು ಮಾಡುವವರು ಕಡಿಮೆ. ಔಟಾದವರು ಔಟಾದ ಕ್ರಮದಲ್ಲೇ ಒಳಗೆ ಬರುತ್ತಾರೆ. ಎದುರಿನವರಲ್ಲಿ ಒಬ್ಬ ಔಟಾದರೆ ನಮ್ಮವನೊಬ್ಬ ಜೀವಂತ. ಬೋನಸ್ ಅಂಕಕ್ಕೆ ಯಾರೂ ಜೀವಂತ ಆಗುವುದಿಲ್ಲ. ಮೂರು ಅಥವಾ ಕಡಿಮೆ ಜನ ಇದ್ದಾಗ ಹಿಡಿದರೆ ಸೂಪರ್ ಟ್ಯಾಕಲ್‌ನ ಹೆಚ್ಚುವರಿ ಅಂಕ ಬರುತ್ತದೆ, ಆದರೆ ಒಳಗೆ ಬರುವವನು ಒಬ್ಬನೇ. ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಸಹಾಯಕ ಕೋಚ್ ಚಿಕ್ಕ ನೋಟ್‌ಬುಕ್ಕಿನಲ್ಲಿ ಔಟಾದವರ ಜರ್ಸಿ ನಂಬರ್ ಸಾಲಾಗಿ ಬರೆಯುತ್ತ, ಒಳಗೆ ಹೋದವರನ್ನು ಹೊಡೆದುಹಾಕುತ್ತ ಇರಬೇಕು.

ಒಂದು ಸನ್ನಿವೇಶ ನೋಡಿ. ನಾವು 18, ಅವರು 20, ನಾಲ್ಕು ನಿಮಿಷ ಬಾಕಿ. ನಮ್ಮಲ್ಲಿ ನಾಲ್ವರು ಒಳಗಿದ್ದಾರೆ, ಅವರಲ್ಲಿ ಐವರು. ನಮ್ಮ ಔಟಿನ ಸಾಲು: ಮೊದಲು ಬಲಗಡೆ ಕವರ್, ನಂತರ ಮುಖ್ಯ ರೈಡರ್, ಕೊನೆಗೆ ಎಡ ಕಾರ್ನರ್. ಎದುರಿಗೆ ಐವರೇ ಇರುವುದರಿಂದ ಬೋನಸ್ ಬಾಗಿಲು ಮುಚ್ಚಿದೆ. ಮುಖ್ಯ ರೈಡರ್ ಬರಬೇಕಾದರೆ ಅವರ ಇಬ್ಬರು ಔಟಾಗಬೇಕು. ಎರಡನೇ ರೈಡರ್‌ನನ್ನು ಕಳಿಸಿ ಅಪಾಯಕ್ಕೆ ಒಡ್ಡಿದರೆ ಮೂವರಿಗೆ ಇಳಿಯುತ್ತೇವೆ. ಇಲ್ಲಿ ಸರಿಯಾದ ದಾರಿ ಎರಡು ಖಾಲಿ ರೈಡ್ ಮಾಡಿ, ಅಂದರೆ ಅಂಕ ತರದೆ ಸುಮ್ಮನೆ ಹೋಗಿಬಂದು, ಗಡಿಯಾರ ತಿನ್ನುವುದಲ್ಲ, ನಾವು ಹಿಂದಿದ್ದೇವೆ. ಒಂದು ಖಾಲಿ ರೈಡ್ ಮಾಡಿ, ಅವರ ರೈಡರ್‌ಗಾಗಿ ಕಾದು ಹಿಡಿಯಬೇಕು. ಹಿಡಿದರೆ ಕವರ್ ಒಳಗೆ ಬರುತ್ತಾನೆ, ಅಲ್ಲಿಗೆ ನಾವು ಐವರು, ಅವರು ನಾಲ್ವರು, ಅಂಕ 19–20. ಮುಂದಿನ ಒಂದೇ ಟಚ್‌ಗೆ ಸಮ, ಮುಖ್ಯ ರೈಡರ್ ಕೂಡ ಹಾಜರ್. ಈ ಲೆಕ್ಕ ಬೆಂಚಿನಿಂದ ಬರದಿದ್ದರೆ ಒಳಗಿರುವ ಹುಡುಗರಿಗೆ ಬಿರುಸಿನಲ್ಲಿ ಹೊಳೆಯುವುದಿಲ್ಲ.

ಲೋನಾ, ಅಂದರೆ ಒಂದು ತಂಡದ ಎಲ್ಲರೂ ಔಟಾಗುವ ವಿಷಯದಲ್ಲೂ ಅಷ್ಟೇ. ನಮ್ಮ ಕಡೆ ಒಬ್ಬನೇ ಉಳಿದಿದ್ದಾನೆ. ಏಳೆಂಟು ನಿಮಿಷ ಬಾಕಿ ಇದ್ದರೆ ಅವನನ್ನು ಸುಮ್ಮನೆ ಖಾಲಿ ರೈಡ್ ಮಾಡಿಸಿ ಬದುಕಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಒಬ್ಬನನ್ನಾದರೂ ಮುಟ್ಟಲು ಪೂರ್ತಿ ಹೋಗಲಿ. ಸಿಕ್ಕಿಬಿದ್ದರೆ ಆ ಒಂದು ಅಂಕ, ಲೋನಾದ ಎರಡು ಅಂಕ ಹೋಗುತ್ತವೆ, ಆದರೆ ಏಳೂ ಜನ ಒಳಗೆ ಬರುತ್ತಾರೆ, ಮುಖ್ಯ ರೈಡರ್ ಸಮೇತ. ಒಂದೂವರೆ ನಿಮಿಷ ಮಾತ್ರ ಉಳಿದು ನಾವು ಎರಡು ಅಂಕ ಮುಂದಿದ್ದರೆ ಲೆಕ್ಕ ತಿರುವುಮುರುವು: ಆಗ ಬಾಕ್ ಲೈನ್ ದಾಟಿ ವಾಪಸ್ ಬರುವುದೇ ದೊಡ್ಡ ಕೆಲಸ. ಸತತ ಎರಡು ಖಾಲಿ ರೈಡ್ ಆಗಿ ಮೂರನೆಯದಕ್ಕೆ ಅಂಕ ತರಲೇಬೇಕಾದ ಸ್ಥಿತಿ ಬಂದಿದೆಯೇ ಎಂಬುದನ್ನೂ ಅದೇ ನೋಟ್‌ಬುಕ್ಕಿನ ಅಂಚಿನಲ್ಲಿ ಗೀಟು ಹಾಕಿಡಬೇಕು, ನಮ್ಮದೂ ಅವರದ್ದೂ.

ಟೈಮ್‌ಔಟ್ ಪ್ರತಿ ಅರ್ಧಕ್ಕೆ ಎರಡು, ತಲಾ 30 ಸೆಕೆಂಡ್. ಹುಡುಗರು ಗೆರೆ ಹತ್ತಿರ ಬರುವಷ್ಟರಲ್ಲೇ ಐದು ಸೆಕೆಂಡ್ ಹೋಗಿರುತ್ತದೆ. ಇಬ್ಬರು ಕೋಚ್ ಒಟ್ಟಿಗೆ ಕೂಗಿದರೆ ಯಾವುದೂ ತಲೆಗೆ ಹೋಗುವುದಿಲ್ಲ. ಮುಖ್ಯ ಕೋಚ್ ಒಬ್ಬರೇ ಮಾತಾಡಲಿ, ಸಹಾಯಕ ಅವರ ಕಿವಿಗೆ ಒಂದೇ ಮಾತು ಹೇಳಲಿ. “ತಮ್ಮಾ, ಅವ ಎಡಗಡೆಯಿಂದಷ್ಟ ಬರಾಕತ್ತಾನ, ಮುಂದ ಹೋಗಬ್ಯಾಡ, ಕಾಲ ಊರೂ ತನಕಾ ತಡಿ” — ಇಷ್ಟು ಸಾಕು. ಹಿಂದಿನ ರೈಡಿನ ತಪ್ಪಿಗೆ ಬಯ್ಯುವ ಜಾಗ ಅದಲ್ಲ. ಬದಲಿ ಆಟಗಾರರು ಐವರು ಇರುತ್ತಾರೆ, ಆದರೆ ಔಟಾಗಿ ಕುಳಿತವನ ಬದಲಿಗೆ ಇನ್ನೊಬ್ಬನನ್ನು ಕಳಿಸಲಾಗದು, ಅಂಕಣದಲ್ಲಿರುವವನನ್ನು ಮಾತ್ರ ಬದಲಿಸಬಹುದು. ಇದು ತಿಳಿಯದೆ ಬೆಂಚಿನಲ್ಲಿ ಗದ್ದಲ ಎಬ್ಬಿಸಿ ಎಚ್ಚರಿಕೆಯ ಹಸಿರು ಕಾರ್ಡ್ ನೋಡುವವರಿದ್ದಾರೆ.

ವಿಡಿಯೋ ನೋಡಿಕೊಳ್ಳಲು ಬಿಸಿಎ ಅಥವಾ ಬಿಕಾಂ ಓದುವ ವಿದ್ಯಾರ್ಥಿಯೊಬ್ಬ ಸಾಕು, ಆಟ ತಿಳಿದಿದ್ದರೆ ಆಯಿತು. ಮೊಬೈಲ್ ಅನ್ನು ನೆಲಮಟ್ಟದಲ್ಲಿ ಇಟ್ಟರೆ ಕಣಕಾಲು, ಗೆರೆ ಎರಡೂ ಕಾಣುವುದಿಲ್ಲ. ಹಿಂದಿನ ಗೆರೆಯ ಆಚೆ ಮೂರು ಮೀಟರ್ ಎತ್ತರದಲ್ಲಿ ಇಡಬೇಕು, ಮೊದಲ ಮಹಡಿಯ ವರಾಂಡವಾದರೂ ಆದೀತು. ಏರ್‌ಪ್ಲೇನ್ ಮೋಡ್ ಹಾಕಿಡಿ, ಕರೆ ಬಂದು ರೆಕಾರ್ಡಿಂಗ್ ನಿಲ್ಲುವುದು ಸಾಮಾನ್ಯ. ಬಿಸಿಲಿಗೆ ಫೋನ್ ಕಾದು ತಾನೇ ಆಫ್ ಆಗುತ್ತದೆ, ಮೇಲೊಂದು ನೆರಳು ಇರಲಿ. 40 ನಿಮಿಷದ ಪಂದ್ಯಕ್ಕೆ 1080ಪಿಯಲ್ಲಿ 3ರಿಂದ 5 ಜಿಬಿ ಜಾಗ ಬೇಕು. ನಂತರ ಪ್ರತಿ ರೈಡ್‌ಗೆ ಒಂದು ಸಾಲು: ಯಾರ ರೈಡ್, ಎದುರಿಗೆ ಎಷ್ಟು ಜನ, ಯಾವ ಬದಿಯಿಂದ ಒಳಹೋದ, ಏನು ಪ್ರಯತ್ನಿಸಿದ, ಏನಾಯಿತು. 30 ಸೆಕೆಂಡಿನ ಲೆಕ್ಕದಲ್ಲಿ ಪಂದ್ಯಕ್ಕೆ ಎರಡೂ ತಂಡ ಸೇರಿ 80 ರೈಡ್, ಬೇಗ ಮುಗಿಯುವ ರೈಡ್‌ಗಳಿಂದ ಇನ್ನಷ್ಟು. ಅಂಕ ಬಂದ ರೈಡ್‌ಗಳನ್ನಷ್ಟೇ ಬರೆಯುವವರು ಅರ್ಧ ಆಟವನ್ನೇ ಬಿಟ್ಟಂತೆ. ಎದುರಿನ ರೈಡರ್ ಖಾಲಿ ರೈಡಿನಲ್ಲಿ ಯಾವ ಕಾರ್ನರ್‌ನ ಕಡೆ ಮತ್ತೆ ಮತ್ತೆ ವಾಲುತ್ತಾನೆ ಎಂಬುದರಲ್ಲೇ ಅವನ ಮೂರನೇ ರೈಡಿನ ಗುಟ್ಟು ಇರುತ್ತದೆ.

ಮೈಕಟ್ಟು ಮತ್ತು ಪ್ರಥಮ ಚಿಕಿತ್ಸೆಗೆ ಇಬ್ಬರು ಬೇರೆ ಬೇರೆ ಇರುವುದು ನಮ್ಮ ಕಾಲೇಜುಗಳಲ್ಲಿ ಕನಸಿನ ಮಾತು. ಒಬ್ಬರೇ ಆದರೂ ಆ ಒಬ್ಬರು ಕೋಚ್ ಆಗಿರಬಾರದು. ಕಾರಣ ಸರಳ: ಎರಡು ಅಂಕ ಹಿಂದಿರುವ ಕೋಚ್‌ಗೆ ಕುಂಟುವ ಕಾರ್ನರ್ ಕುಂಟಿದಂತೆ ಕಾಣುವುದಿಲ್ಲ. “ಇವ ಇನ್ನ ಆಡೂದಿಲ್ರಿ ಸರ” ಎಂದು ಎದುರು ನಿಂತು ಹೇಳುವ ಅಧಿಕಾರ ಆ ವ್ಯಕ್ತಿಗೆ ಸೀಸನ್ ಶುರುವಾಗುವ ಮೊದಲೇ ಪ್ರಾಂಶುಪಾಲರ ಸಮ್ಮುಖದಲ್ಲಿ ಸಿಗಬೇಕು. ಕಣಕಾಲು ಹೊರಳಿದವನು ನಾಲ್ಕು ಹೆಜ್ಜೆ ಊರಿ ನಡೆಯಲಾರದಿದ್ದರೆ ಎಕ್ಸ್‌ರೇ ಆಗಲೇಬೇಕು. ಐಸ್ ಅನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ, ಚರ್ಮಕ್ಕೆ ನೇರ ಇಟ್ಟರೆ ಸುಡುತ್ತದೆ. ಭುಜ ತಪ್ಪಿದರೆ ಯಾರೂ ಎಳೆದು ಕೂಡಿಸಲು ಹೋಗಬಾರದು. ಹಳ್ಳಿಯಲ್ಲಿ ಅದನ್ನು ಮಾಡುವವರಿದ್ದಾರೆ, ಆದರೆ ನರ ಅಥವಾ ಮೂಳೆಯ ಅಂಚು ಹಾಳಾದರೆ ಭುಜ ಪದೇ ಪದೇ ತಪ್ಪುತ್ತದೆ. ತ್ರಿಕೋನ ಪಟ್ಟಿಯಲ್ಲಿ ಕೈ ತೂಗುಹಾಕಿ ಆಸ್ಪತ್ರೆಗೆ ಒಯ್ಯಿರಿ. ತಲೆಗೆ ಪೆಟ್ಟು ಬಿದ್ದು ಕ್ಷಣ ಮಂಕಾದವನು, ವಾಂತಿ ಬರುತ್ತದೆ ಎಂದವನು, ಅಂಕ ಎಷ್ಟು ಎಂದು ಹೇಳಲಾರದವನು ಆ ದಿನ ಮತ್ತೆ ಅಂಕಣಕ್ಕೆ ಇಳಿಯಕೂಡದು. ಫೈನಲ್ ಆದರೂ ಅಷ್ಟೇ.

ಪೆಟ್ಟಿಗೆಯಲ್ಲಿ ಆರು ಇಂಚಿನ ಕ್ರೇಪ್ ಬ್ಯಾಂಡೇಜ್ ನಾಲ್ಕು, ಎಳೆದರೆ ಹಿಗ್ಗದ ಟೇಪ್, ಬೆರಳಿಗೆ ಸ್ಪ್ಲಿಂಟ್, ಗ್ಲೌಸ್, ಕತ್ತರಿ, ಓಆರ್‌ಎಸ್, ಉಗುರು ಕತ್ತರಿಸುವ ನೇಲ್ ಕಟರ್. ಈ ಕೊನೆಯದು ಸಣ್ಣದೆನಿಸಬಹುದು, ಆದರೆ ಉದ್ದ ಉಗುರಿಗೆ, ಮೈಗೆ ಹಚ್ಚಿದ ಎಣ್ಣೆಗೆ, ಒಡವೆಗೆ ನಿಯಮದಲ್ಲೇ ತಡೆ ಇದೆ. ಕೈಕಡಗ, ಕೊರಳ ದಾರ, ತಾಯತ ತೆಗೆಯಿರಿ ಎಂದರೆ ಹುಡುಗರು ಹಿಂದೆಮುಂದೆ ನೋಡುತ್ತಾರೆ. ಒಂದು ಬಟ್ಟೆಯ ಚೀಲದಲ್ಲಿ ಹಾಕಿಸಿ ಮ್ಯಾನೇಜರ್ ಹತ್ತಿರ ಇಟ್ಟುಕೊಂಡರೆ ಯಾರ ಮನಸ್ಸೂ ನೋಯುವುದಿಲ್ಲ.

ಮೈಕಟ್ಟಿನ ಅಭ್ಯಾಸಕ್ಕೆ ಜಿಮ್ ಬೇಕೇಬೇಕು ಎಂದು ಕಾಯಬೇಡಿ. ತೊಡೆಯ ಹಿಂಬದಿ ಸ್ನಾಯುವಿಗೆ ನಾರ್ಡಿಕ್ ಕರ್ಲ್, ಅಂದರೆ ಮಂಡಿಯೂರಿ ಕುಳಿತವನ ಹಿಮ್ಮಡಿಯನ್ನು ಗೆಳೆಯ ಒತ್ತಿ ಹಿಡಿದಾಗ ಅವನು ಮೈಯನ್ನು ನೇರವಾಗಿಟ್ಟು ನಿಧಾನವಾಗಿ ಮುಂದೆ ಬಾಗುವುದು, ವಾರಕ್ಕೆ ಎರಡು ದಿನ. ಐದೈದರ ಎರಡು ಸುತ್ತಿನಿಂದ ಶುರು ಮಾಡಿ ಎಂಟರ ಮೂರು ಸುತ್ತಿಗೆ ಏರಿಸಿ. ಮೊದಲ ದಿನವೇ ಹತ್ತರ ಮೂರು ಸುತ್ತು ಮಾಡಿಸಿದರೆ ಮೂರು ದಿನ ಯಾರೂ ಮೆಟ್ಟಿಲು ಹತ್ತುವುದಿಲ್ಲ. 25 ಕೆಜಿ ಉಸುಕಿನ ಚೀಲ ಎದೆಗೆ ಅಪ್ಪಿಕೊಂಡು 10 ಮೀಟರ್ ಓಡುವುದು, ಒಂಟಿಗಾಲಿನಲ್ಲಿ ಕಣ್ಣು ಮುಚ್ಚಿ ಅರ್ಧ ನಿಮಿಷ ನಿಲ್ಲುವುದು, ಇವೆರಡು ಕಣಕಾಲಿಗೂ ಹಿಡಿತಕ್ಕೂ ಒಳ್ಳೆಯವು. ದೂರದ ಓಟ ಓಡಿಸಿ ಕಬಡ್ಡಿ ದಮ್ಮು ಬರಿಸುತ್ತೇನೆ ಎನ್ನುವುದು ಹಳೆಯ ನಂಬಿಕೆ. ಆಟ 30 ಸೆಕೆಂಡಿನದು, ತಯಾರಿಯೂ ಬಹುಪಾಲು ಹಾಗೇ ಇರಲಿ. ಪಂದ್ಯದ ಹಿಂದಿನ ವಾರ ಅಭ್ಯಾಸದ ಪ್ರಮಾಣವನ್ನು ಅರ್ಧಕ್ಕಿಳಿಸಿ, ವೇಗ ಮಾತ್ರ ಇಳಿಸಬೇಡಿ.

ನಮ್ಮ ಕಡೆಯ ಬಿಸಿಲಿಗೆ ಪ್ರತ್ಯೇಕ ಲೆಕ್ಕ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯಲ್ಲಿ 40 ಡಿಗ್ರಿ ದಾಟುವುದು ವಿಶೇಷವೇನಲ್ಲ. ಬೆಳಗಿನ ಅಭ್ಯಾಸ ಐದೂವರೆಗೆ ಶುರುವಾಗಿ ಏಳೂವರೆಗೆ ಮುಗಿಯಲಿ. ರಜೆ ಮುಗಿಸಿ ಬಂದವರಿಗೆ ಬಿಸಿಲು ಒಗ್ಗಲು 10ರಿಂದ 14 ದಿನ ಬೇಕು, ಮೊದಲ ದಿನವೇ ಪೂರ್ತಿ ಪಂದ್ಯ ಆಡಿಸಬೇಡಿ. ಅಭ್ಯಾಸದ ಮೊದಲು, ನಂತರ ತೂಕ ನೋಡಿ: ಒಂದು ಕಿಲೋ ಇಳಿದಿದ್ದರೆ ಮುಂದಿನ ಕೆಲವು ತಾಸಿನಲ್ಲಿ ಒಂದೂವರೆ ಲೀಟರ್ ಕುಡಿಸಿ. ಉಪ್ಪು ಹಾಕಿದ ಮಜ್ಜಿಗೆಗಿಂತ ಒಳ್ಳೆಯದನ್ನು ಅಂಗಡಿಯಿಂದ ತರಬೇಕಿಲ್ಲ. ಓಆರ್‌ಎಸ್ ಪಾಕೀಟು ಇರದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಬೇಕು, ಎರಡನ್ನೂ ಚಮಚದ ಮೇಲೆ ಗುಡ್ಡೆಯಾಗದಂತೆ ಸವರಿ ಅಳೆಯಬೇಕು. ಉಪ್ಪು ಹೆಚ್ಚಾದರೆ ಕೆಡುಕು.

ಊಟದ ವಿಷಯದಲ್ಲಿ ಜೋಳದ ರೊಟ್ಟಿ ತಿನ್ನುವ ಹುಡುಗರಿಗೆ ಶಕ್ತಿಯ ಕೊರತೆ ಇಲ್ಲ, ಪ್ರೋಟೀನ್ ಕೊರತೆ ಇದೆ. ಕಿಲೋ ತೂಕಕ್ಕೆ ದಿನಕ್ಕೆ 1.6 ಗ್ರಾಂ ಹಿಡಿದರೆ 70 ಕೆಜಿಯವನಿಗೆ ಸುಮಾರು 112 ಗ್ರಾಂ ಬೇಕು. ನಾಲ್ಕು ಮೊಟ್ಟೆಯಲ್ಲಿ 24, ಅರ್ಧ ಲೀಟರ್ ಹಾಲಿನಲ್ಲಿ 16, ನೂರು ಗ್ರಾಂ ಶೇಂಗಾದಲ್ಲಿ 25, ನೂರು ಗ್ರಾಂ ಹೆಸರುಕಾಳಿನಲ್ಲಿ 24. ಉಳಿದದ್ದು ರೊಟ್ಟಿ, ಬೇಳೆ, ಮೊಸರಿನಿಂದ ತುಂಬುತ್ತದೆ. ಹಾಸ್ಟೆಲ್ ಅಡುಗೆಯವರ ಜೊತೆ ಕೂತು ಮೊಳಕೆಕಾಳಿನ ಪಲ್ಯ ದಿನಾ ಇರುವಂತೆ ನೋಡಿಕೊಳ್ಳುವುದು ಕೋಚಿಂಗ್ ಕೆಲಸವೇ.

ತೂಕದ ವಿಚಾರದಲ್ಲಿ ಕಟ್ಟುನಿಟ್ಟಾಗಿರಿ. ಹಿರಿಯ ಪುರುಷರಿಗೆ 85 ಕೆಜಿ, ಹಿರಿಯ ಮಹಿಳೆಯರಿಗೆ 75 ಕೆಜಿ ಮಿತಿ. ಅದರಿಂದ ನಮ್ಮ ಹುಡುಗರಿಗೆ ತೊಂದರೆ ಆಗುವುದು ಅಪರೂಪ. ತೊಂದರೆ ಬರುವುದು ಊರಿನ 55, 60 ಕೆಜಿ ಪಂದ್ಯಾವಳಿಗಳಿಂದ. ಅದರಲ್ಲಿ ಆಡಲು ಹುಡುಗ ಎರಡು ದಿನ ನೀರು ಬಿಟ್ಟು ತೂಕ ಇಳಿಸಿ, ರಾತ್ರಿಯಿಡೀ ಲೈಟಿನ ಕೆಳಗೆ ಆಡಿ, ಬೆಳಗ್ಗೆ ಮೊಣಕಾಲು ಊದಿಸಿಕೊಂಡು ಬರುತ್ತಾನೆ. ಬಹುಮಾನದ ಹಣ ಮನೆಗೆ ಬೇಕಾಗಿರುತ್ತದೆ, ಹಾಗಾಗಿ ಬೇಡ ಎಂದು ಗದರಿಸಿ ಉಪಯೋಗವಿಲ್ಲ. ಜಾತ್ರೆಗಳ ದಿನ ಮೊದಲೇ ಕೇಳಿ ಬರೆದುಕೊಂಡು, ವಿಶ್ವವಿದ್ಯಾಲಯದ ಪಂದ್ಯಕ್ಕೆ ಹಿಂದಿನ ಮೂರು ವಾರ ಮಾತ್ರ ಹೋಗಬೇಡ ಎಂದು ಮನೆಯವರ ಎದುರಿಗೇ ಮಾತು ತೆಗೆದುಕೊಳ್ಳಿ. ಕಬ್ಬು ಕಡಿಯುವ ದಿನಗಳಲ್ಲೂ ಹೀಗೇ. ಕೊನೆಯ ಬಸ್ಸು ಎಷ್ಟಕ್ಕೆ ಎಂಬುದನ್ನು ನೋಡದೆ ಸಂಜೆ ಅಭ್ಯಾಸದ ವೇಳೆ ಇಟ್ಟ ಕೋಚ್‌ಗೆ ಅರ್ಧ ತಂಡವೇ ಇರುವುದಿಲ್ಲ.

ಅಂಕಣ ಒಬ್ಬರ ಜವಾಬ್ದಾರಿ ಆಗಿರಬೇಕು. ಎರೆ (ಕಪ್ಪು) ಮಣ್ಣಿನಲ್ಲಿ ಅಂಕಣ ಮಾಡಬೇಡಿ, ಒಣಗಿದರೆ ಬಿರುಕು, ನೆನೆದರೆ ಅಂಟು. ಮಸಾರಿ (ಕೆಂಪು) ಮಣ್ಣನ್ನು ಜರಡಿ ಹಿಡಿದು, ಮರದ ಹೊಟ್ಟು ಬೆರೆಸಿ ಹಾಸಬೇಕು, ಹಿಂದಿನ ಸಂಜೆಯೇ ನೀರು ಚಿಮುಕಿಸಿರಬೇಕು. ಮ್ಯಾಟ್ ಇದ್ದರೆ ಒಂದು ಮೀಟರ್ ಚೌಕದ ತುಂಡುಗಳು ಅಂಕಣಕ್ಕೇ 130 ಬೇಕು, ಸುತ್ತಲಿನ ಅಂಚಿಗೆ ಬೇರೆ. ಕೆಳಗಿನ ನೆಲ ಸಮವಿಲ್ಲದಿದ್ದರೆ ಜೋಡಣೆ ಬಾಯಿಬಿಟ್ಟು ಕಾಲ್ಬೆರಳು ಸಿಕ್ಕಿಹಾಕಿಕೊಳ್ಳುತ್ತದೆ. ಬಿಸಿಲಲ್ಲಿ ಬಿಟ್ಟರೆ ಅಂಚು ಮುದುಡುತ್ತದೆ. ಆಟಕ್ಕೆ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸದಿದ್ದರೆ ನಮ್ಮ ಧೂಳಿಗೆ ಮ್ಯಾಟ್ ಮೇಲೆ ಕಾಲು ಜಾರುತ್ತದೆ. ಮಣ್ಣಿನಲ್ಲಷ್ಟೇ ಅಭ್ಯಾಸ ಮಾಡಿದ ತಂಡವನ್ನು ನೇರ ಮ್ಯಾಟ್ ಮೇಲೆ ಇಳಿಸಬೇಡಿ. ಶೂ ಮ್ಯಾಟ್ ಹಿಡಿದು ನಿಂತಾಗ ಮೈ ತಿರುಗಿ ಕಾಲು ತಿರುಗದೆ ಮೊಣಕಾಲು ಹೋಗುತ್ತದೆ. ಪಕ್ಕದ ಊರಿನ ಮ್ಯಾಟ್ ಆದರೂ ಸರಿ, ಒಂದು ವಾರ ಕೇಳಿ ಪಡೆಯಿರಿ.

ಮಹಿಳಾ ತಂಡಕ್ಕೆ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ, ಅರ್ಧಕ್ಕೆ 15 ನಿಮಿಷ. ಅಗಲ ಕಡಿಮೆಯಾದ್ದರಿಂದ ಕಾರ್ನರ್‌ಗೆ ಬೇಗ ನೆರವು ಸಿಗುತ್ತದೆ, ಹಿಡಿತದ ಅಭ್ಯಾಸಕ್ಕೆ ಇನ್ನೂ ಹೆಚ್ಚು ಬೆಲೆ. ಜೊತೆಗೆ ಒಬ್ಬ ಮಹಿಳಾ ಸಿಬ್ಬಂದಿ ಅಭ್ಯಾಸಕ್ಕೂ ಪ್ರವಾಸಕ್ಕೂ ಇರಲೇಬೇಕು, ಹೆಸರಿಗೆ ಮಾತ್ರವಲ್ಲ, ಆಟ ಗೊತ್ತಿದ್ದವರು.

ಕಾಗದಪತ್ರದ ಕೆಲಸ ದೈಹಿಕ ಶಿಕ್ಷಣ ನಿರ್ದೇಶಕರಿಗೇ ಬಿಡಿ, ಅವರಷ್ಟು ಚೆನ್ನಾಗಿ ಬೇರೆಯವರು ಮಾಡಲಾರರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪ್ರವೇಶದ ರಸೀದಿ, ಗುರುತಿನ ಚೀಟಿ, ಪ್ರಾಂಶುಪಾಲರ ಸಹಿ ಇರುವ ಅರ್ಹತಾ ಪತ್ರ, ಹನ್ನೆರಡು ಜನರದ್ದೂ ಎರಡೆರಡು ಪ್ರತಿ. ಜರ್ಸಿ ನಂಬರ್ ಮುಂದೆ ನಾಲ್ಕು ಇಂಚು, ಹಿಂದೆ ಆರು ಇಂಚು. ಪಂದ್ಯದ ಮೊದಲಿನ ಮ್ಯಾನೇಜರ್‌ಗಳ ಸಭೆಯಲ್ಲಿ ಸೂಪರ್ ಟ್ಯಾಕಲ್ ಮತ್ತು ಮೂರನೇ ರೈಡ್ ನಿಯಮ ಇದೆಯೇ ಎಂದು ಬಾಯಿಬಿಟ್ಟು ಕೇಳಬೇಕು. ದಸರಾ ಕ್ರೀಡಾಕೂಟದ ತಾಲೂಕು ಮಟ್ಟದಲ್ಲಾಗಲಿ, ಬೇರೆ ಕಾಲೇಜು ನಡೆಸುವ ಪಂದ್ಯದಲ್ಲಾಗಲಿ ಇದನ್ನು ಊಹಿಸಿಕೊಂಡು ಹೋಗಬೇಡಿ, ಬೆಂಚಿನ ಲೆಕ್ಕವೆಲ್ಲ ಅದರ ಮೇಲೇ ನಿಂತಿದೆ.

ಕೊನೆಯ ಸೆಮಿಸ್ಟರ್ ಪರೀಕ್ಷೆಗೆ ಮೊದಲು ಇನ್ನೊಂದು ವಾರ ಬೇಕು. ಹೊರಡುವ ಕಾರ್ನರ್ ಎರಡನೇ ವರ್ಷದ ಕಾರ್ನರ್‌ನ ಪಕ್ಕದಲ್ಲಿ ನಿಂತು ದಿನಾ ಅರ್ಧ ತಾಸು ಹಿಡಿತ ತಿದ್ದಲಿ, ಡಿಫೆನ್ಸ್ ಕೋಚ್ ಸುಮ್ಮನೆ ನೋಡಲಿ. ಔಟಿನ ಸಾಲಿನ ನೋಟ್‌ಬುಕ್, ರೈಡ್ ಪಟ್ಟಿ, ಪೆಟ್ಟು ಬಿದ್ದವರ ವಿವರ ಮೂರೂ ಕಾಲೇಜಿನ ಕ್ರೀಡಾ ಕೊಠಡಿಯ ಕಪಾಟಿನಲ್ಲಿರಬೇಕು, ಯಾರ ಮನೆಯಲ್ಲೂ ಅಲ್ಲ. ವಿಡಿಯೋ ತೆಗೆಯುವ ವಿದ್ಯಾರ್ಥಿಯೂ ಕೊನೆಯ ವರ್ಷದವನಾಗಿದ್ದರೆ ಅವನ ಜಾಗಕ್ಕೆ ಮೊದಲ ವರ್ಷದವನನ್ನು ಡಿಸೆಂಬರ್‌ನಲ್ಲೇ ಜೊತೆಗೆ ಕೂರಿಸಿ.